ಆ ಹೋಸು ಸಿಕ್ಕಿಸಿದ್ದು ನಾನು, ಮಾಮಾ

ಶಿವಣ್ಣ ಮಾಮಾ,

ಗಾಡಿ ಚೆನ್ನಾಗಿ ಓಡುತ್ತಿದೆ. ನೀನಿದ್ದರೆ ಮೊದಲು ಕೇಳುತ್ತಿದ್ದುದು ಅದನ್ನೇ, ಅದಕ್ಕೇ ಮೊದಲು ಬರೆದೆ. ಹರಪನಹಳ್ಳಿಯ ಗೊಬ್ಬರದಂಗಡಿ ವೀರೇಶಣ್ಣನ ಅದೇ ಹಳೆಯ ಪೆಟ್ರೋಲ್ ಕಾರು. ಇಂಜಿನ್ನಿಗೆ ಗಾಳಿ ಒಯ್ಯುವ ಆ ಗಿಡ್ಡ ಪೈಪಿನ ಮ್ಯಾನಿಫೋಲ್ಡನ್ನು ಅದಕ್ಕೆ ಮತ್ತೆ ಕೂಡಿಸಿದ್ದೇನೆ. ಮುಖ ಗಂಟು ಹಾಕಬೇಡ, ಪೂರ್ತಿ ಕೇಳು.

ಅವನು ಮೊದಲ ಸಲ ಅದನ್ನು ಕೇಳಿಕೊಂಡು ಕೊಟ್ಟೂರಿನ ನಮ್ಮ ಗ್ಯಾರೇಜಿಗೆ ಬಂದ ದಿನ ನೆನಪಿದೆಯಾ? ರೇಸಿಗೆ ಗಾಡಿ ಬಿಡುವ ಹುಚ್ಚು ಅವನಿಗೆ. ನೀನು ಬಾನೆಟ್ಟಿಗೆ ಒರಗಿ ನಿಂತು, ಅವನಿಗೆ ಹೇಳುವುದು ಬಿಟ್ಟು ನನಗೆ ಪಾಠ ಹೇಳಿದೆ. "ನೋಡು ಸುಮಾ, ಇಂಜಿನ್ನಿಗೆ ಗಾಳಿ ಹೋಗೋ ಪೈಪ್ ಉದ್ದ ಇದ್ರ ಗಾಡಿ ಮೆಲ್ಲಕ ಹೋಗೂವಾಗ ಚಲೋ ಎಳೀತೈತಿ. ಗಿಡ್ಡ ಮಾಡಿದ್ರ ಜೋರ್ ಓಡೂವಾಗ ಉಸಿರಾಡತೈತಿ, ಏರಿನಾಗ ಸಾಯತೈತಿ. ಟರ್ಬೊ ಇದ್ದಿದ್ರ ಬ್ಯಾರೆ ಮಾತು. ಇದಕ್ಕ ಬ್ಯಾಡ." ಡಿಪ್ಲೊಮಾ ಮುಗಿಸಿ ನಿನ್ನ ಕೈಕೆಳಗೆ ಸೇರಿ ಆರು ವರ್ಷವಾಗಿತ್ತು ನನಗೆ. ನಿನ್ನೆದುರು ಒಂದು ಸಲವಾದರೂ ಗೆಲ್ಲಬೇಕೆಂಬ ಹಟ. ಅವನಿಗೆ ಬೇಕಿರುವುದೇ ಜೋರು ಓಟ ಅಲ್ಲವೇ ಎಂದು ವಾದಿಸಿದೆ. "ಮಾಡ್ತಿದ್ರ ಮಾಡು" ಎಂದು ಕೈ ಒರೆಸಿಕೊಂಡು ನೀನು ಊಟಕ್ಕೆ ಹೋದೆ.

ಮಾಡಿದೆ. ಪೈಪು ಗಿಡ್ಡವಾದ ಮೇಲೆ ಅದರ ತುದಿಯ ಗಾಳಿಯ ಪೆಟ್ಟಿಗೆ ಇಂಜಿನ್ನಿನ ಕಡೆಗೆ ಸರಿಯಿತು. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಹೋಸು ಅಲ್ಲಿಯವರೆಗೆ ಸರಿಯಾಗಿ ಮುಟ್ಟಲಿಲ್ಲ. ಉದ್ದದ ಹೋಸು ತರಬೇಕಿತ್ತು. ನಾನು ಇದ್ದದ್ದನ್ನೇ ಎಳೆದು ಸಿಕ್ಕಿಸಿದೆ. ಕ್ಲಿಪ್ ಆಮೇಲೆ ಬಿಗಿದರಾಯಿತೆಂದು... ಇಂಜಿನ್ ಶುರು ಮಾಡಿದೆ. ಆ ಸದ್ದಿನ ಖುಷಿಯಲ್ಲಿ ಕ್ಲಿಪ್ ಮರೆತೇಬಿಟ್ಟೆ.

ಮೂರನೆಯ ದಿನ ಚಿಗಟೇರಿ ಹತ್ತಿರದ ಇಳಿಜಾರಿನಲ್ಲಿ ಹೋಸು ಕಳಚಿತು. ಬ್ರೇಕ್ ಪೆಡಲ್ಲು ಕಲ್ಲಾಯಿತು. ಎದುರಿಗೆ ಕುರಿಹಿಂಡು, ಅದರ ಹಿಂದೆ ಕುರಿಗಾಹಿ ಮುದುಕ. ವೀರೇಶಣ್ಣ ಸ್ಟೇರಿಂಗ್ ತಿರುಗಿಸಿ ಗಾಡಿಯನ್ನು ಜೋಳದ ಹೊಲಕ್ಕೆ ಇಳಿಸಿದ. ಅವನ ಎಡಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ನಮ್ಮ ಬಾಗಿಲಿಗೆ ಬಂದು ನಿಂತು ಕೇಳಿದ: "ಶಿವಣ್ಣ, ಹೋಸಿಗೆ ಕ್ಲಿಪ್ಪೇ ಇಲ್ಲಲ್ರಿ. ಯಾರ್ರಿ ಕೂಡಿಸಿದ್ದು?"

ನಾನು ಬಾಯಿ ತೆರೆದಿದ್ದೆ. ನಿಜವಾಗಿಯೂ ತೆರೆದಿದ್ದೆ, ಮಾಮಾ. ನೀನು ಮೊದಲೇ ಹೇಳಿಬಿಟ್ಟೆ: "ನಾನ ಕೂಡಿಸಿದ್ದು. ಕಣ್ತಪ್ಪಿತು." ನೀನೇ ಆ ಮ್ಯಾನಿಫೋಲ್ಡ್ ಬಿಚ್ಚಿ ಶೆಲ್ಫಿನ ಮೇಲಿಟ್ಟು, ಹಳೆಯದನ್ನೇ ಮತ್ತೆ ಕೂಡಿಸಿ ಕೊಟ್ಟೆ. ಸಂಜೆ ಶಟರ್ ಎಳೆಯುವಾಗ ನೀನು ನನಗೆ ಹೇಳಿದ್ದು ಒಂದೇ ಮಾತು: "ಇನ್ನೊಂದ್ಸಲ ಹೋಸ್ ಉದ್ದಂದು ತಗೋ." ಬೈಯಬಾರದಿತ್ತೇ? ಬೈದಿದ್ದರೆ ನಾನು ಅತ್ತು, ಮರುದಿನವೇ ಹೋಗಿ ಅವನಿಗೆ ಹೇಳುತ್ತಿದ್ದೆನೇನೋ.

ಆಮೇಲೆ ಒಂದು ಮಾತು ಹಬ್ಬಿತು: ಶಿವಣ್ಣನಿಗೆ ವಯಸ್ಸಾಯಿತು, ಕೈ ನಡುಗುತ್ತದೆ ಎಂದು. ಕೂಡ್ಲಿಗಿಯಿಂದ ಬಂದ ಒಬ್ಬರಂತೂ ನಿನ್ನೆದುರೇ ನನಗೆ, "ನೀನ ಬಿಚ್ಚವ್ವ, ಅವರು ಬ್ಯಾಡ" ಎಂದರು. ನೀನು ಬೋಲ್ಟು ಬಿಚ್ಚುವ ಪಾನಾ ನನ್ನ ಕೈಗಿತ್ತೆ. ನಿಜವನ್ನು ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ಇದ್ದೆ ನಾನು. ಒಂದು ಮುಂಜಾನೆ ಎದೆನೋವೆಂದು ನೀನು ಕುರ್ಚಿಯಲ್ಲಿ ಕುಳಿತವನು ಮತ್ತೆ ಏಳಲಿಲ್ಲ.

ಎರಡು ವರ್ಷದ ನಂತರ, ಹೋದ ತಿಂಗಳು, ವೀರೇಶಣ್ಣ ಬಂದ. "ಸುಮಕ್ಕ, ಆ ಗಿಡ್ಡಂದು ಇನ್ನೂ ಐತೇನ್ರಿ? ಈ ಸಲ ನೀವ ಕೂಡಿಸ್ರಿ. ನಿಮ್ಮ ಕೈ ಗಟ್ಟಿ ಐತಿ." ಆಯಿತು ಎಂದೆ. ಇಂಜಿನ್ನಿಗೆ ತಾಗುವ ಅದರ ಮುಖವನ್ನು, ಗಾಜಿನ ಮೇಲೆ ಎಮರಿ ಕಾಗದ ಹಾಸಿ ಎರಡು ದಿನ ತಿಕ್ಕಿ ಸಮ ಮಾಡಿದೆ. ಸಂದು ಮುಚ್ಚುವ ಹೊಸ ಗ್ಯಾಸ್ಕೆಟ್ ಇಟ್ಟು, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಹಗರಿಬೊಮ್ಮನಹಳ್ಳಿಗೆ ಹೋಗಿ ಉದ್ದದ ಹೋಸು ತಂದೆ. ಎರಡೂ ತುದಿಗೆ ಕ್ಲಿಪ್. ಶುರು ಮಾಡಿದರೆ ಇಂಜಿನ್ನಿನ ಸದ್ದು ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಎಲ್ಲೋ ಗಾಳಿ ಸೋರುತ್ತಿತ್ತು. ಸಂದುಗಳಿಗೆಲ್ಲ ಸ್ಪ್ರೇ ಹೊಡೆಯುತ್ತ ಹೋದೆ. ನಾಲ್ಕನೇ ಪೈಪಿನ ಬುಡಕ್ಕೆ ಬಂದಾಗ ಸದ್ದು ಬದಲಾಯಿತು. ಸೋರುತ್ತಿದ್ದುದು ಅಲ್ಲೇ. ಮತ್ತೆ ಬಿಚ್ಚಿ, ತಿಕ್ಕಿ, ಕೂಡಿಸಿದೆ. ಈ ಸಲ ಸದ್ದು ಒಂದೇ ಸಮ ಬಂತು. ಊರಾಚೆಯ ಬಯಲಿನಲ್ಲಿ ನಾನೇ ಓಡಿಸಿ ಹತ್ತಿಪ್ಪತ್ತು ಸಲ ಬ್ರೇಕ್ ಒತ್ತಿ ನೋಡಿದೆ.

ಭಾನುವಾರ ಬೆಳಿಗ್ಗೆ ವೀರೇಶಣ್ಣ ಕೀಗೆ ಕೈ ಚಾಚಿದ. ನಾನು ಕೊಡಲಿಲ್ಲ. "ಅಣ್ಣಾ, ಅವತ್ತು ಹೋಸ್ ಸಿಕ್ಕಿಸಿದಾಕಿ ನಾನು. ಕ್ಲಿಪ್ ಮರ್ತಾಕಿನೂ ನಾನ. ಮಾಮ ಅದನ್ನ ಮುಟ್ಟೇ ಇರ್ಲಿಲ್ಲ."

ಅವನು ತನ್ನ ಮಣಿಕಟ್ಟು ನೋಡಿಕೊಂಡ. "ಅವತ್ತ ಹೇಳಬೇಕಿತ್ತು."

"ಹೌದ್ರಿ."

"ಅವರ ಕೈ ನಡಗ್ತಾವು ಅಂತ ಹರಪನಹಳ್ಳಿ ತುಂಬ ಹೇಳ್ಕಂತ ತಿರುಗಿದಾವ ನಾನು," ಎಂದ. ಗಾಡಿ ಇಲ್ಲೇ ಬಿಟ್ಟು ಹೋಗುತ್ತಾನೆ ಅಂದುಕೊಂಡೆ. ಆಮೇಲೆ ಕೇಳಿದ: "ಈ ಸಲ ಕ್ಲಿಪ್ ಹಾಕೀರಿ?" ಬಾನೆಟ್ ಎತ್ತಿ ತೋರಿಸಿದೆ. ಬೆರಳಿಂದ ಎಳೆದು ನೋಡಿ, ಕೀ ತೆಗೆದುಕೊಂಡ. "ನೀವೂ ಹತ್ರಿ. ಮೊದಲು ನಿಮ್ಮ ಅತ್ತಿ ಹತ್ರ ಹೋಗೂನು. ಅವರಿಗೂ ಇದನ್ನ ಹೇಳ್ರಿ."

ದಾರಿಯಲ್ಲಿ ಗಾಡಿ ಸದ್ದು ನೀನು ಕೇಳಬೇಕಿತ್ತು. ಓಣಿಯ ಏರಿನಲ್ಲಿ ತಿಣುಕಿತು, ನೀನು ಹೇಳಿದ ಹಾಗೇ. ಮೇನ್ ರೋಡಿನಲ್ಲಿ ಹಾರಿತು, ನಾನು ಹೇಳಿದ ಹಾಗೆ.

ಅತ್ತೆ ಅಡುಗೆಮನೆಯಲ್ಲಿ ನಿಂತೇ ಎಲ್ಲ ಕೇಳಿಸಿಕೊಂಡಳು. ನನ್ನನ್ನು ಹೊರಗೆ ಹಾಕಿದರೂ ಸರಿ ಎಂದು ಕಾದಿದ್ದೆ. ಅವಳು ಹೇಳಿದ್ದು ಬೇರೆಯೇ. "ಅವರ ಕೈ ನಡಗ್ತಾವು ಅನ್ನೂ ಮಾತು ನನ್ನ ಕಿವಿಗೂ ಬಿದ್ದಿತ್ತು. ನಿಜಾನ ಇರಬೇಕು ಅನ್ಕಂಡೆ. ಅವತ್ನಿಂದ ಚಾ ಅವರ ಕೈಗೆ ಕೊಡ್ಲಿಲ್ಲ, ಚೆಲ್ಲಿಗೀಲ್ಯಾರಂತ ಕಟ್ಟಿ ಮ್ಯಾಲ ಇಡ್ತಿದ್ದೆ. ಯಾಕ ಅಂತ ಒಂದಿನಾನೂ ಕೇಳ್ಲಿಲ್ಲ ನೋಡು ಈ ಮನಷ್ಯಾ." ಹೇಳುತ್ತ ಹೇಳುತ್ತ ನಕ್ಕಳು. ನೀನು ಹೋದ ಮೇಲೆ ಅವಳು ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ.

ಅವತ್ತು ಮಧ್ಯಾಹ್ನ ಅವಳ ಮಗ್ಗುಲಲ್ಲೇ ಚಾಪೆಯ ಮೇಲೆ ಮಲಗಿ ಹೊತ್ತು ಮುಳುಗುವ ತನಕ ನಿದ್ದೆ ಮಾಡಿದೆ. ನಿನ್ನ ಕೈ ಕೊನೆಯವರೆಗೂ ಗಟ್ಟಿಯಾಗಿತ್ತೆಂದು ಅತ್ತೆಗೆ ಈಗ ಗೊತ್ತು, ಮಾಮಾ.

ನಿನ್ನ
ಸುಮಾ