ಅಂಗಡಿಯಲ್ಲಿ ಮಲಗಿ ನೋಡಿದ ಹಾಸಿಗೆ

ಅಮ್ಮಾ,

ಓದೋಕೆ ನೀನಿಲ್ಲ, ಆದರೂ ಇದನ್ನ ಇನ್ಯಾರಿಗೆ ಹೇಳಲಿ? ಮದುವೇಲಿ ನೀನು ಕೊಟ್ಟ ಹತ್ತಿ ಹಾಸಿಗೆ ಗಂಟುಗಂಟಾಗಿದೆ ಅಂತ ಗೊಣಗಿ, ಇವರು ಇವತ್ತು ನನ್ನನ್ನ ಸಹಕಾರನಗರದ ಹಾಸಿಗೆ ಅಂಗಡಿಗೆ ಕರ್ಕೊಂಡು ಹೋಗಿದ್ರು.

"ಮೇಲೆ ಲ್ಯಾಟೆಕ್ಸ್, ಒಳಗೆ ಸ್ಪ್ರಿಂಗ್. ಹದಿನೈದು ವರ್ಷ ಏನೂ ಆಗಲ್ಲ ಸಾರ್. ಪಕ್ಕದಲ್ಲಿ ಮೇಡಂ ಎಷ್ಟು ಹೊರಳಾಡಿದ್ರೂ ನಿಮಗೆ ಗೊತ್ತಾಗಲ್ಲ. ಇಬ್ರೂ ಮಲಗಿ ನೋಡಿ," ಅಂದ ಅಂಗಡಿಯವನು.

ಅಷ್ಟು ಜನರ ಮುಂದೆ ಮಲಗಿದ್ವಿ. ಇವರು ಕಣ್ಣು ಮುಚ್ಚಿಕೊಂಡ್ರು. ನಾನು ಹೊರಳಿದೆ. ಎದ್ದು ಕೂತೆ. ಚಪ್ಪಲಿ ಹಾಕ್ಕೊಂಡು ಬಾಗಿಲ ತನಕ ಹೋದೆ. ಎದುರಿಗೇ ಯಲಹಂಕದ ಬಸ್ಸು ನಿಂತಿತ್ತು. ಅಲ್ಲಿ ನಾನೂ ನೀನೂ ಇದ್ದ ಮನೇಲಿ ಈಗ ಬೇರೆ ಯಾರೋ ಬಾಡಿಗೆಗಿದ್ದಾರೆ.

"ಯಾಕೆ ಸುಮ್ನೆ ಮಲಗಿದ್ದೀಯಾ? ಹೊರಳು ಕಣೇ," ಅಂದ್ರು ಇವರು, ಕಣ್ಣು ಮುಚ್ಚಿಕೊಂಡೇ.

ಅಂಗಡಿಯವನು ನನ್ನನ್ನೇ ನೋಡ್ತಿದ್ದ. ಬಸ್ಸು ಹೊರಟುಹೋಯ್ತು. ವಾಪಸ್ ಬಂದು ಪಕ್ಕದಲ್ಲಿ ಮಲಗಿದೆ.

"ಒಂಚೂರೂ ಗೊತ್ತಾಗ್ಲಿಲ್ಲ!" ಇವರಿಗೆ ಖುಷಿಯೋ ಖುಷಿ. "ಇದೇ ಇರ್ಲಿ."

ನಾನು ಕಾಲು ಮಡಚಿದ್ರೆ ಸಾಕು, ಕತ್ತಲಲ್ಲೇ "ಯಾಕೆ ಪುಟ್ಟಿ, ನಿದ್ದೆ ಬರ್ಲಿಲ್ವಾ?" ಅಂತಿದ್ದೆ ನೀನು.

ಹೊಸದು ನಾಳೆ ಬರತ್ತೆ. ನಿನ್ನ ಹಾಸಿಗೆನ ಅಂಗಡಿಯವರೇ ಹೊತ್ಕೊಂಡು ಹೋಗ್ತಾರಂತೆ.