ಹೈಡ್ರೇಂಜಿಯಾ ಬುಡದ ಬೂದಿ

ಜನವರಿ ೯, ೨೦೨೫. ಬೆಳಿಗ್ಗೆ ೬.೩೦

ಗಿಡಗಳಿಗೆ ಡ್ರಿಪ್ ನೀರು ಬಿಟ್ಟು ಬಂದೆ. ಹಿತ್ತಲಿನ ಬೇವು, ಹೊಂಗೆಯ ನೆರಳಲ್ಲಿ ಹನ್ನೊಂದು ಹೈಡ್ರೇಂಜಿಯಾ ಹೂಗಿಡ. ಐದರ ಎಲೆ ಹಳದಿ, ನರ ಮಾತ್ರ ಹಸಿರು. ಬುಡದಲ್ಲಿ ಮತ್ತೆ ಒಲೆಯ ಬೂದಿ. ಅತ್ತೆಯ ಕೆಲಸ. ಹುಳ ಹತ್ತಬಾರದು ಅಂತ ಬದನೆಗೂ ಬೂದಿ, ಅವರೆಗೂ ಬೂದಿ, ಇವಕ್ಕೂ ಬೂದಿ. ಈ ಗಿಡಕ್ಕೆ ಹುಳಿ ಮಣ್ಣು ಬೇಕು, ಬೂದಿ ಆಗಿಬರುವುದಿಲ್ಲ — ಎಷ್ಟು ಸಲ ಹೇಳುವುದು? ನಮ್ಮವರು ಶಿರಸಿಯಿಂದ ತಂದು ನೆಟ್ಟದ್ದು. ಅವರು ತೀರಿಕೊಂಡು ಎರಡು ವರ್ಷ. ನನಗೆ ಉಳಿದಿರುವುದು ಇವೇ.

ಜನವರಿ ೧೧

ಅಂದುಬಿಟ್ಟೆ. ಒಂದು ಗಿಡ ಪೂರ್ತಿ ಒಣಗಿತ್ತು, ತಲೆ ಕೆಟ್ಟಿತ್ತು…

"ನಿಮ್ಮ ಕೈಯಾಗ ಯಾವುದು ಉಳದೈತಿ ಹೇಳ್ರಿ ಅತ್ತೇರ?"

ಮೂವರು ಗಂಡುಮಕ್ಕಳನ್ನು ಮಣ್ಣು ಮಾಡಿದ ಹೆಂಗಸಿಗೆ. ಕೊನೆಯವರು ನಮ್ಮವರು. ಅತ್ತೆ ಬೂದಿಯ ಬುಟ್ಟಿ ಕೆಳಗಿಟ್ಟರು. ಕೈ ತೊಳೆದುಕೊಂಡು ಒಳಗೆ ಹೋದರು. ಉಣ್ಣಲಿಲ್ಲ.

ಜನವರಿ ೧೨

ಐರಣಿಗೆ, ತಂಗಿಯ ಮನೆಗೆ ಹೋಗುತ್ತೇನೆ ಅಂದರು ಅತ್ತೆ. ತಡೆಯಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಬಸ್ ಹತ್ತಿಸಿ ಬಂದೆ.

ಫೆಬ್ರುವರಿ ೨೦

ಬೂದಿ ನಿಂತು ನಲವತ್ತು ದಿನ. ಇನ್ನೆರಡು ಗಿಡ ಹೋದವು. ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯ ಲ್ಯಾಬಿನಲ್ಲಿರುವ ಶಂಭುಲಿಂಗನಿಗೆ — ನಮ್ಮವರ ಗೆಳೆಯ — ಮಣ್ಣು, ನೀರು ಎರಡೂ ಕೊಟ್ಟು ಬಂದಿದ್ದೆ. ಸಂಜೆ ಫೋನ್ ಬಂತು.

"ಒಂದ್ ಹಿಡಿ ಬೂದಿಯಿಂದ ಇಷ್ಟ್ ಆಗಂಗಿಲ್ರಿ ವೈನಿ. ನಿಮ್ಮ ಬೋರಿನ ನೀರ ಸುಣ್ಣದ್ದು, ಅದ ಮಣ್ಣಿನ ಹುಳಿ ತಗದೈತಿ."

ಮಳೆನೀರಿನ ತೊಟ್ಟಿ ಬಿಟ್ಟು ಬೋರಿಗೆ ಡ್ರಿಪ್ ಹಾಕಿಸಿದವಳು ನಾನು. ದಸರೆ ಆದ ಮೇಲೆ. ದಿನಾ ಬೆಳಿಗ್ಗೆ ಎದ್ದು ನಾನೇ ಬಿಟ್ಟಿದ್ದೇನೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಫೆಬ್ರುವರಿ ೨೨

ಐರಣಿ. ಕಾಲು ಹಿಡಿದೆ. ತಪ್ಪು ನನ್ನದು, ನೀರಿನದು, ಎಲ್ಲ ಹೇಳಿದೆ. ಅತ್ತೆ ಗಿಡದ ಸುದ್ದಿ ಕೇಳಲೇ ಇಲ್ಲ. ಆತು ಬಿಡು ಶ್ರೀದೇವಿ ಅಂದರು, ಸೀರೆ ಗಂಟು ಕಟ್ಟಿಕೊಂಡು ಹೊರಟರು. ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದರು. ಎಲ್ಲ ಸರಿಹೋಯಿತು ಅಂದುಕೊಂಡೆ.

ಮಾರ್ಚ್ ೩, ಮಧ್ಯಾಹ್ನ

ಪಕ್ಕದ ಮನೆಯ ಮಕ್ತುಮಬಿ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದಳು. ಹುಟ್ಟಿ ಐದು ವಾರ. ನಮ್ಮ ಓಣಿಯಲ್ಲಿ ಯಾರ ಮನೆಯ ಕೂಸಾದರೂ ಮೊದಲು ಅತ್ತೆಯ ಮಡಿಲಿಗೆ. ಎಣ್ಣೆ ಹಚ್ಚಿ ಎರೆಯುವವರೂ ಅವರೇ. ಇವತ್ತು ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡರು.

"ಶ್ರೀದೇವಿ ಕೈಯಾಗ ಕೊಡವಾ. ನನ್ನ ಕೈಯಾಗ ಬ್ಯಾಡ. ಕೂಸು ಬಾಳಬೇಕು."

ಮಕ್ತುಮಬಿಗೆ ತಿಳಿಯಲಿಲ್ಲ. ನಗುತ್ತ ಕೂಸನ್ನು ನನಗೆ ಕೊಟ್ಟಳು. ತಗೊಂಡೆ. ಅತ್ತೆಯ ಮುಖ ನೋಡಲು ಆಗಲಿಲ್ಲ.