ಸೋಸಿ ಕೊಟ್ಟ ನೀರು

ಇಚಲಕರಂಜಿ
೧೨ ಮಾರ್ಚ್ ೧೯೩೯

ಅವ್ವನಿಗೆ ಶ್ರೀಪಾಲನ ಜಯ ಜಿನೇಂದ್ರ.

ಅಪ್ಪ ಕೋರ್ಟಿನಲ್ಲಿ ದೇವರ ಆಣೆ ಮಾಡಿ ಸುಳ್ಳು ಹೇಳಿದರು. 'ಮಹಾರರು ನಮ್ಮ ಓಣಿ ಬಾವಿ ಎಂದೂ ಮುಟ್ಟಿಲ್ರಿ, ಅವರ ಕೈನೀರು ನಾವ್ಯಾರೂ ಕುಡದಿಲ್ರಿ' ಎಂದರು.

ಜಿನಮತಿ, ಅವ್ವನಿಗೆ ಇದನ್ನು ಓದಿ ಹೇಳುವವಳು ನೀನು. ಅಪ್ಪ ಹೊಲಕ್ಕೆ ಹೋದ ಮೇಲೆ ಓದು. ಆದರೆ ದನಿ ತಗ್ಗಿಸಬೇಡ.

ಹೋದ ಬೇಸಿಗೆಯಲ್ಲಿ ಮಹಾರರ ಧೋಂಡಿಬಾನ ಸೊಸೆ ಬಾವಿಗೆ ಬಂದಾಗ, ಮುಟ್ಟಬಾರದವಳೆಂದು ನಮ್ಮವರು ಅವಳ ಕೊಡ ಒಡೆದರು. ಅವನು ದಾವೆ ಹಾಕಿದ. ಅವನ ಜೊತೆ ನಾನೂ ನಿಂತೆ. ಸರ್ಕಾರಿ ದುಡ್ಡಿನ ಬಾವಿ, ಗೆದ್ದೇವೆಂದೇ ತಿಳಿದಿದ್ದೆ. ಮಗ್ಗದ ಪಾಳಿ ಮುಗಿಸಿ ನಾನು ಓದಿದ ಪುಸ್ತಿಕೆಗಳಲ್ಲೆಲ್ಲ ಕಾಯ್ದೆ ಯಾರ ಹುಟ್ಟನ್ನೂ ಕೇಳುವುದಿಲ್ಲ ಎಂದಿತ್ತು. ಅಮೇರಿಕೆಯಲ್ಲಿ ಕರಿಯರಿಗೆ ರೈಲಿನ ಡಬ್ಬಿ ಬೇರೆ ಎಂದು ಓದಿ ಸಿಟ್ಟಿನಿಂದ ನಿದ್ದೆ ಬಿಟ್ಟಿದ್ದೆ. ಅಲ್ಲಿ ಅದನ್ನು ಕಾಯ್ದೆಯೆಂದು ಬರೆದಿದ್ದಾರೆ. ಇಲ್ಲಿ ಬರೆಯುವ ಗರಜೇ ಇಲ್ಲ. ಮೊದಲಿನಿಂದ ನಡೆದು ಬಂದ ರೂಢಿಯನ್ನು ಕಾಯ್ದೆ ಕಾಯುತ್ತದೆ, ಅದು ಒಮ್ಮೆಯಾದರೂ ಮುರಿದಿದ್ದರೆ ಕಂಡವರು ಬಂದು ಹೇಳಲಿ ಎಂದರು ನ್ಯಾಯಾಧೀಶರು. ಕಂಡವರು ಯಾರು? ಕೊಡ ಒಡೆದವರೇ.

ರೂಢಿ ಮುರಿದಿತ್ತು ಅವ್ವಾ. ನನಗೆ ಹೇಳಿದವಳು ನೀನೇ. ಆ ದೊಡ್ಡ ಜ್ವರದ ವರ್ಷ ಓಣಿಗೆ ಓಣಿಯೇ ಮಲಗಿದಾಗ ಧೋಂಡಿಬಾ ಬಾವಿಗೆ ಹಗ್ಗ ಇಳಿಸಿ ಮನೆಮನೆಗೆ ನೀರು ಕೊಟ್ಟ. ಆ ಸ್ಥಿತಿಯಲ್ಲೂ ನೀನು ನಮ್ಮ ಜೈನರ ನೇಮ ಬಿಡದೆ 'ಸೋಸಲಾರದ್ದು ನಾ ಕುಡಿಯಂಗಿಲ್ಲೋ' ಅಂದೆಯಂತೆ. ಅವನು ಒಣಹಾಕಿದ ಗಳುವಿನ ಮೇಲಿನ ಅರಿವೆ ತೆಗೆದು, ಮಡಿಕೆ ಹಾಕಿ, ಸೋಸಿ ಕೊಟ್ಟ. 'ಕುಡಿಯವ್ವಾ, ನಿನ್ನ ಧರ್ಮ ಕೆಟ್ಟಿಲ್ಲ' ಅಂದನಂತೆ. ಅಪ್ಪ ಕುಡಿದರು. ನೀನು ಕುಡಿದೆ. ನಿನ್ನ ಎದೆಹಾಲಿನಿಂದ ನಾನು ಉಳಿದೆ.

ಈಗ ಓಣಿಯಲ್ಲಿ ಯಾರಿಗೂ ಅದು ನೆನಪಿಲ್ಲ. ನಾನು ಆಗ ಕೂಸು, ಕೇಳಿದ ಮಾತು ಸಾಕ್ಷಿಯಲ್ಲವಂತೆ. ಉಳಿದವಳು ನೀನೊಬ್ಬಳೇ. ನಾನು ಊರಿಗೆ ಬಂದಾಗ ಕೇಳಿದರೆ ನೀನು 'ಜಿನಮತಿ ಲಗ್ನ ಐತೋ. ನಾ ಬಾಯಿ ಬಿಟ್ಟರ ಬೀಗರು ನಮ್ಮ ಹೊಸ್ತಿಲಾ ತುಳೀತಾರೇನ?' ಎಂದೆ. ಇಲ್ಲಿಗೆ ಮರಳಿ ಪುಸ್ತಿಕೆಗಳನ್ನೆಲ್ಲ ತಿರುವಿ ಹಾಕಿದೆ. ನಿನ್ನ ಮಾತಿಗೆ ಉತ್ತರ ಯಾವುದರಲ್ಲೂ ಸಿಗಲಿಲ್ಲ. ಈಗ ಅವನ್ನು ಓದುವುದನ್ನೇ ಬಿಟ್ಟಿದ್ದೇನೆ.

ಗಡಹಿಂಗ್ಲಜದ ಕೋರ್ಟಿಗೆ ನೀನು ಸಾಕ್ಷಿ ಹೇಳಲು ಬರುತ್ತೀ ಎಂಬ ನಂಬಿಕೆ ನನಗಿಲ್ಲ. ಆದರೂ ಬರೆದೆ.

ನಿನ್ನ ಮಗ
ಶ್ರೀಪಾಲ

ತಾ.ಕ.: ಧೋಂಡಿಬಾನನ್ನು ಕೋರ್ಟಿನ ಜಗಲಿಯ ಕೆಳಗೆ ಬಿಸಿಲಲ್ಲಿ ನಿಲ್ಲಿಸಿ ಅಪ್ಪನ ವಕೀಲ ಕೇಳಿದ, 'ಯಾರ್ಯಾರು ಕುಡದಾರ, ಹೆಸರ ಹೇಳೋ.'

'ಸತ್ತವರದ ಹೇಳತೇನ್ರಿ. ಇದ್ದವರದ ಹೇಳಂಗಿಲ್ಲ.'

'ಹಂಗಾರ ಹೆಣಗೋಳನ್ನ ಸಾಕ್ಷಿಗೆ ಕರಸೂಣೇನ?'

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು.

'ಇದ್ದವರ ಮನ್ಯಾಗ ಲಗ್ನದ ಹುಡಿಗಿ ಅದಾಳ್ರಿ' ಎಂದ ಧೋಂಡಿಬಾ. ಅಪ್ಪನ ನಗು ನಿಂತಿತು.

ಜಿನಮತಿ, ಆ ಹುಡುಗಿ ನೀನು. ಇಷ್ಟನ್ನು ಅವ್ವನಿಗೆ ಓದುವುದು, ಬಿಡುವುದು ನಿನಗೆ ಸೇರಿದ್ದು. ಸಾಕ್ಷಿ ಕೇಳುವ ಕಡೇ ದಿನ ಇಪ್ಪತ್ತನೇ ತಾರೀಖು ಸೋಮವಾರ; ಅಂದು ಬೆಳಿಗ್ಗೆ ಹತ್ತು ಗಂಟೆಗೆ, ಗಡಹಿಂಗ್ಲಜದ ಮೋಟಾರು ನಿಲ್ದಾಣದಲ್ಲಿ ನಿಂತಿರುತ್ತೇನೆ.